ನೆಲಕ್ಕೆ ಇಳಿಸುವ ಮುನ್ನ

ಹೋದ ಬೇಸಿಗೆಯಲ್ಲಿ ಸವಣೂರಿನ ಎಲೆಬಳ್ಳಿಯ ತೋಟವೊಂದರಲ್ಲಿ ಕುಳಿತಿದ್ದೆ. ಸವಣೂರಿನ ವೀಳ್ಯದೆಲೆಯ ಹೆಸರನ್ನು ಕೇಳದವರು ನಮ್ಮ ಕಡೆ ವಿರಳ. ಆ ಬಳ್ಳಿಯ ಬುಡದ ತೇವ ಎಂದೂ ಆರಬಾರದು. ತೋಟದ ಹಿರಿಯರು ತಳ ಕಾಣುತ್ತಿದ್ದ ತಮ್ಮ ಹಳೆಯ ಬಾವಿಯತ್ತ ನೋಡುತ್ತ ನನ್ನನ್ನು ಕೇಳಿದರು: “ಮಾಸ್ತರ್ರ, ಬೆಂಗಳೂರಿನ ಗಟಾರದ ನೀರು ಕೋಲಾರದ ಕೆರಿಗೆ ಬಿಟ್ಟಾರಂತ, ಖರೇನ್ರಿ? ನಮ್ಮ ಕಡೀನೂ ಹಂಗ ಮಾಡಿದ್ರ ಬಾವಿ ತುಂಬ್ತಾವೋ, ಕೆಡ್ತಾವೋ?”

ಶ್ರೋತೃಮಿತ್ರರೇ, ಆ ದಿನ ನಾನು ಕೊಟ್ಟ ಉತ್ತರ ಇಷ್ಟೇ: “ಎರಡೂ ಆಗಬಹುದು.” ಹಾಗೆಂದರೆ ಏನು ಎಂಬುದನ್ನು ಇಂದು ತುಸು ಬಿಡಿಸಿ ಹೇಳಬೇಕೆಂದಿದ್ದೇನೆ.

ಕೋಲಾರದ ಮಾತು ನಿಜ. ವರ್ಷವಿಡೀ ಹರಿಯುವ ಹೊಳೆ ಆ ಜಿಲ್ಲೆಗಿಲ್ಲ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು. ಅಲ್ಲಿಗೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ಕೊಳವೆಗಳ ಮೂಲಕ ಕಳಿಸುವ ಯೋಜನೆ ಹುಟ್ಟಿತು. ಅದರ ಗುರಿ ದಿನಕ್ಕೆ 44 ಕೋಟಿ ಲೀಟರು. ತುಂಬಬೇಕಾದ ಕೆರೆಗಳು ನೂರಕ್ಕೂ ಹೆಚ್ಚು. ಕೆರೆಯ ನೀರನ್ನು ನೇರವಾಗಿ ಹೊಲಕ್ಕೆ ಹಾಯಿಸುವುದು ಉದ್ದೇಶವಲ್ಲ. ಅದು ನೆಲಕ್ಕೆ ಇಂಗಿ, ಬಾವಿಗಳಲ್ಲಿ ಮೇಲೇಳಬೇಕು. 2018ರ ಜೂನ್ ತಿಂಗಳಲ್ಲಿ ನೀರು ಲಕ್ಷ್ಮೀಸಾಗರದ ಕೆರೆಯನ್ನು ಮುಟ್ಟಿದಾಗ ಜನ ಸಂಭ್ರಮಪಟ್ಟರು. ಮರುತಿಂಗಳೇ ಆ ನೀರಿನ ಮೇಲೆ ಬಿಳಿಯ ನೊರೆ ಎದ್ದಿತು. ಉಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2019ರಲ್ಲಿ ಅಲ್ಲಿಯ ತಡೆಯೂ ತೆರವಾಗಿ, ನೀರು ಮುಂದೆ ಹರಿಯಿತು. ಬತ್ತಿದ್ದ ಬಾವಿಗಳಿಗೆ ಜೀವ ಬಂದುದೂ ಸುಳ್ಳಲ್ಲ.

ಹಾಗಿದ್ದರೆ ತಕರಾರು ಏಕೆ? ಕೊಳಚೆಯನ್ನು ಶುದ್ಧಗೊಳಿಸುವುದಕ್ಕೆ ಹಂತಗಳಿವೆ. ಮೊದಲ ಹಂತದಲ್ಲಿ ಗಸಿ ತಳಕ್ಕಿಳಿಯುತ್ತದೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕರಗಿದ ಹೊಲಸನ್ನು ತಿಂದುಹಾಕುತ್ತವೆ. ಮೂರನೆಯದರಲ್ಲಿ ನೀರನ್ನು ಮತ್ತೊಮ್ಮೆ ನವಿರಾಗಿ ಸೋಸಿ, ಉಳಿದ ಲವಣ, ರೋಗಾಣುಗಳನ್ನು ಕಳೆಯುತ್ತಾರೆ. ಕೋಲಾರಕ್ಕೆ ಹೊರಟದ್ದು ಎರಡನೆಯ ಹಂತ ಮುಗಿಸಿದ ನೀರು. ಮೂರನೆಯದೂ ಆಗಲಿ ಎಂಬುದು ಅಲ್ಲಿಯ ಹೋರಾಟಗಾರರ ಬೇಡಿಕೆ. ಉಳಿದುದನ್ನು ಕೆರೆಯೂ ಮಣ್ಣೂ ಸೋಸಿಕೊಳ್ಳುತ್ತವೆ ಎಂಬುದು ಎದುರು ವಾದ.

ಈ ‘ನೆಲ ಸೋಸುತ್ತದೆ’ ಎಂಬ ನಂಬಿಕೆಯನ್ನೇ ನಾವು ಪರೀಕ್ಷಿಸಬೇಕು. ಇಸ್ರೇಲಿನಲ್ಲಿ ಟೆಲ್ ಅವೀವ್ ಸುತ್ತಲ ಊರುಗಳ ಸಂಸ್ಕರಿಸಿದ ನೀರನ್ನು ದಶಕಗಳಿಂದ ಮರಳಿಗೆ ಇಂಗಿಸುತ್ತಿದ್ದಾರೆ. ಅದು ತಿಂಗಳುಗಟ್ಟಲೆ ಮರಳಿನ ಕಣಗಳ ನಡುವೆ ನುಸುಳಿ ಸ್ವಚ್ಛವಾದ ಮೇಲೆ ಎತ್ತಿ, ಬೇರೆಯದೇ ಕೊಳವೆಯಲ್ಲಿ ದಕ್ಷಿಣದ ಬೇಸಾಯಕ್ಕೆ ಕಳಿಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿಯಲ್ಲಿ 2008ರಿಂದ ಇನ್ನೂ ಕಟ್ಟುನಿಟ್ಟು: ಅತಿಸೂಕ್ಷ್ಮ ಪೊರೆಗಳಲ್ಲಿ ಸೋಸಿ, ಅತಿನೇರಳೆ ಕಿರಣ ಹಾಯಿಸಿದ ನಂತರವೇ ನೀರು ನೆಲಕ್ಕೆ. ಆ ರಾಜ್ಯ 2014ರಲ್ಲಿ ರಚಿಸಿದ ನಿಯಮದ ಪ್ರಕಾರ ಇಂಗಿದ ನೀರು ಕುಡಿಯುವ ಬಾವಿಗೆ ಸೇರುವ ಮುನ್ನ ಕನಿಷ್ಠ ಎರಡು ತಿಂಗಳು ನೆಲದಡಿ ಇರಬೇಕು. ಏಕೆಂದರೆ, ಎಲ್ಲಾದರೂ ತಪ್ಪಾದರೆ ಅದನ್ನು ಕಂಡುಹಿಡಿದು ಬಾವಿಯನ್ನು ಮುಚ್ಚಲು ಮನುಷ್ಯನಿಗೆ ಅಷ್ಟು ಅವಕಾಶ ಬೇಕು.

ಇನ್ನು ನಮ್ಮ ನೆಲಕ್ಕೆ ಬರೋಣ. ಹಾನಗಲ್ಲು ಮಲೆನಾಡಿನ ಸೆರಗು. ಭತ್ತದ ಗದ್ದೆ, ಸಾಲುಕೆರೆಗಳ ಸೀಮೆ. ಅಲ್ಲಿಂದ ಶಿಗ್ಗಾಂವಿ, ಸವಣೂರುಗಳತ್ತ ಸರಿದಂತೆ ಮಳೆ ಇಳಿಯುತ್ತದೆ. ದಕ್ಷಿಣಕ್ಕೆ ಹಿರೇಕೆರೂರು, ಹೆಸರಿನಲ್ಲೇ ಕೆರೆಯನ್ನು ಹೊತ್ತ ಊರು. ಈ ನಾಲ್ಕೂ ತಾಲೂಕುಗಳ ಅಡಿಯಲ್ಲಿರುವುದು ಮರಳಲ್ಲ, ಗಟ್ಟಿ ಬಂಡೆ. ಮೇಲೆ ಕೆಲವು ಅಡಿಗಳಷ್ಟು ಮಣ್ಣು, ಕೊಳೆತ ಕಲ್ಲು; ಕೆಳಗೆ ಬಿರುಕುಗಳು. ಮರಳಿನಲ್ಲಿ ನೀರು ನುಸುಳುತ್ತದೆ, ಬಿರುಕಿನಲ್ಲಿ ಓಡುತ್ತದೆ. ಓಡುವ ನೀರನ್ನು ಯಾವ ನೆಲವೂ ಚೆನ್ನಾಗಿ ಸೋಸಲಾರದು. ಅದು ಯಾವ ಬಾವಿಯಲ್ಲಿ ಎಂದು ಹೊರಬರುವುದೆಂದು ಮೇಲಿನಿಂದ ಹೇಳುವುದೂ ಕಠಿಣ.

ಮಣ್ಣು ಹಿಡಿದಿಡಲಾರದ ವಸ್ತುಗಳೂ ಇವೆ. ಮಲಮೂತ್ರದಿಂದ ಹುಟ್ಟುವ ನೈಟ್ರೇಟ್ ನೀರಿನೊಡನೆ ಹಾಗೆಯೇ ಇಳಿದುಹೋಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಮೊದಲ ಅಪಾಯ ಎಳೆಗೂಸುಗಳಿಗೆ. ಆ ನೀರಿನಲ್ಲಿ ಕಲಸಿದ ಹಾಲುಪುಡಿ ಕೂಸಿನ ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸಬಲ್ಲದು.

ಇಲ್ಲಿ ಒಂದು ಕಹಿ ಸತ್ಯವನ್ನು ಒಪ್ಪಿಕೊಳ್ಳಬೇಕು. ಕೊಳಚೆಯನ್ನು ಅಂತರ್ಜಲಕ್ಕೆ ಸೇರಿಸುವ ಕೆಲಸ ನಮ್ಮ ಊರುಗಳಿಗೆ ಹೊಸದಲ್ಲ. ಪಾಯಖಾನೆಯ ಗುಂಡಿ ಒಂದೆಡೆ, ಅದರ ಹತ್ತು ಮಾರಿನಲ್ಲಿ ಬೋರು. ನಾನು ಬೆಳೆದ ಓಣಿಯ ಗಟಾರ ಹಳ್ಳಕ್ಕೆ, ಹಳ್ಳ ಕೆರೆಗೆ. ಆ ಕೆರೆಯ ಕೆಳಗಿನ ಬಾವಿಯ ನೀರನ್ನೇ ನಾವು ಬಹುಕಾಲ ಕುಡಿದೆವು. ಯೋಜನೆಯಿಲ್ಲದೆ, ಅಳತೆಯಿಲ್ಲದೆ ನಡೆದಿರುವ ಈ ಮರುಪೂರಣಕ್ಕಿಂತ, ಶುದ್ಧಗೊಳಿಸಿ, ಅಳೆದು, ನಿಯಮದಿಂದ ಇಂಗಿಸುವುದು ಎಷ್ಟೋ ಮೇಲು. ಆದ್ದರಿಂದ ನನ್ನದು ಬೇಡವೆಂಬ ವಾದವಲ್ಲ. ನೀರಿಗಿಂತ ಮೊದಲು ನಿಯಮ ಬರಲಿ ಎಂಬ ವಾದ.

ಕಾನೂನು ನಮ್ಮಲ್ಲಿ ಇಲ್ಲದಿಲ್ಲ. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆ ನೆಲದಡಿಯ ನೀರನ್ನೂ ಹೊಳೆಯೆಂದೇ ಗಣಿಸಿ, ಅದಕ್ಕೆ ವಿಷ ಸೇರಿಸುವುದನ್ನು ನಿಷೇಧಿಸುತ್ತದೆ. 2011ರ ಕರ್ನಾಟಕದ ಅಂತರ್ಜಲ ಕಾಯಿದೆಯ ಕಣ್ಣು ಮುಖ್ಯವಾಗಿ ನೀರೆತ್ತುವವರ ಮೇಲೆ. ಒಂದು ಕೆಡಿಸುವವನನ್ನು ತಡೆಯುತ್ತದೆ, ಇನ್ನೊಂದು ಮಿತಿಮೀರಿ ಎತ್ತುವವನನ್ನು. ಒಳ್ಳೆಯ ಉದ್ದೇಶದಿಂದಲೇ ನೀರನ್ನು ಕೆಳಗಿಳಿಸುವವನನ್ನು ದಿನದಿನವೂ ಕಾಯುವ ಸ್ಪಷ್ಟ ಕಟ್ಟಳೆ ಊರಿನ ಮಟ್ಟಕ್ಕೆ ಬೇಕು.

ಅದರಲ್ಲಿ ಏನಿರಬೇಕು? ನೀರು ಕೆರೆಯ ಮೂಲಕವೇ ಇಂಗಬೇಕು. ಬತ್ತಿದ ಕೊಳವೆಬಾವಿಯ ಬಾಯಿಗೆ ಅದನ್ನು ನೇರ ಸುರಿಯಕೂಡದು. ಅಲ್ಲಿ ಸೋಸುವ ಒಂದು ಹಿಡಿ ಮಣ್ಣೂ ಇರುವುದಿಲ್ಲ. ಕೆರೆಯ ಕೆಳಗಿನ ಊರಿಗೆ ಕುಡಿಯುವ ನೀರು ಬೇರೆಡೆಯಿಂದ ಬರಬೇಕು. ಕೆರೆಯ ಸುತ್ತಲ ಕೆಲವು ಬಾವಿಗಳನ್ನು ಪರೀಕ್ಷೆಗೆಂದೇ ಗುರುತಿಸಿ, ನೀರು ಬಿಡುವ ಮೊದಲಿನ ಸ್ಥಿತಿಯನ್ನು ಬರೆದಿಡಬೇಕು. ಮೊದಲಿನದು ತಿಳಿಯದೆ ಕೆಟ್ಟಿತೋ ಇಲ್ಲವೋ ಎಂದು ಹೇಳಲಾಗದು. ಪ್ರತಿ ತಿಂಗಳ ಫಲಿತಾಂಶ ಪಂಚಾಯತಿಯ ಹಲಗೆಯ ಮೇಲೆ ಕನ್ನಡದಲ್ಲಿ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಬಿಡುವವರ ಕೈಯಲ್ಲೇ ಅದನ್ನು ಪರೀಕ್ಷಿಸಿ ನಿಲ್ಲಿಸುವ ಅಧಿಕಾರವೂ ಇರಬಾರದು.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ತುಂಬುವ ಮುನ್ನ ಅದರ ಗೋಡೆ ಒಣಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ತೆಗೆದಾಗ ಯಾರೂ ಧುಮುಕುತ್ತಿರಲಿಲ್ಲ. ಮೊದಲು ಒಂದು ದೀಪವನ್ನು ಹಗ್ಗದಲ್ಲಿ ಇಳಿಸುತ್ತಿದ್ದರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಕಣ್ಣಿಗೆ ಕಾಣದ ಕಡೆ ಕಾಳು ಇಡುವವರಿಗೆ ಆ ಎಚ್ಚರ ಸಹಜವಾಗಿತ್ತು. ನೀರನ್ನು ಇಡಹೊರಟಿರುವ ನಮಗೆ ಅದು ಇನ್ನೂ ಹೆಚ್ಚು ಬೇಕು. ಕೆಟ್ಟ ಜೋಳವನ್ನು ಹೊರಗೆ ತೋಡಿ ಎಸೆಯಬಹುದು. ಬಂಡೆಯ ಬಿರುಕಿಗೆ ಇಳಿದು ಕೆಟ್ಟ ನೀರನ್ನು ತೋಡಿ ಎಸೆಯಲು ಒಂದು ತಲೆಮಾರು ಸಾಲದು.

ಸವಣೂರಿನ ಆ ಹಿರಿಯರಿಗೆ ನಾನು ಪೂರ್ತಿಯಾಗಿ ಹೇಳಬೇಕಾಗಿದ್ದ ಉತ್ತರ ಇದು. ಅವರ ಬಾವಿ ತುಂಬಲಿ. ಆದರೆ ಅದಕ್ಕೂ ಮೊದಲು ದೀಪ ಇಳಿಯಲಿ.