ರಂಗಗೀತೆಯೂ ಬೆಳ್ಳಿತೆರೆಯೂ

ಕನ್ನಡದ ವಾಕ್ಚಿತ್ರವು ಹುಟ್ಟಿ ಬೆಳೆದದ್ದು ನಾಟಕದ ಕಂಪನಿಗಳ ಮಡಿಲಿನಲ್ಲಿ. ಇದು ಎಲ್ಲರೂ ಬಲ್ಲ ಮಾತು. ಎಲ್ಲರೂ ಬಲ್ಲ ಮಾತಾದ್ದರಿಂದಲೇ ಇದನ್ನು ಬಿಡಿಸಿ ನೋಡುವವರು ಕಡಮೆ. ತಾಯಿಯ ಮನೆಯಿಂದ ಬೇರೆ ಸಂಸಾರ ಹೂಡಿದ ಈ ಮಗು ಅಲ್ಲಿಂದ ಏನನ್ನು ಹೊತ್ತುಕೊಂಡು ಹೋಯಿತು, ಏನನ್ನು ಹೊರಲಾರದೆ ಅಲ್ಲಿಯೇ ಬಿಟ್ಟಿತು ಎಂಬ ಲೆಕ್ಕವನ್ನು ನಾವು ಸರಿಯಾಗಿ ಹಾಕಿಲ್ಲ. ಕಥೆಗಳನ್ನು ಒಯ್ದಿತು, ನಟರನ್ನು ಒಯ್ದಿತು, ಕಿರೀಟ, ಭುಜಕೀರ್ತಿಗಳನ್ನೂ ಒಯ್ದಿತು. ಹಾಡನ್ನು ಒಯ್ಯುವಾಗ ಮಾತ್ರ ಅದರ ಕೈ ನಡುಗಿತು. ಸಂಗೀತ ನಾಟಕವನ್ನು ಚಿತ್ರವಾಗಿಸುವ ಕಷ್ಟವೆಲ್ಲವೂ ಈ ಹಾಡಿನ ಸುತ್ತಲೇ ಇದೆಯೆಂದು ನನ್ನ ನಂಬಿಕೆ.

ಕಂಪನಿ ನಾಟಕದ ಹಾಡು ಎಂಥದೆಂಬುದನ್ನು ಮೊದಲು ನೆನೆಯೋಣ. ನಾಂದಿ ಮುಗಿದು ಪರದೆ ಸರಿಯುತ್ತದೆ. ರಾಜನ ಪಾತ್ರಧಾರಿ ಪ್ರವೇಶಿಸಿ, ಸಿಂಹಾಸನವನ್ನು ಬಿಟ್ಟು, ರಂಗದ ಮುಂಚಾಚಿಗೆ ಬಂದು ನಿಲ್ಲುತ್ತಾನೆ. ಕೆಳಗೆ ಕುಳಿತ ಹಾರ್ಮೋನಿಯಂ ಮಾಸ್ತರರು ಶ್ರುತಿ ಕೊಡುತ್ತಾರೆ. ಕಂದವನ್ನೋ ವೃತ್ತವನ್ನೋ ಆಲಾಪಿಸಿ, ಅನಂತರ ಹಾಡಿಗೆ ಇಳಿಯುತ್ತಾನೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಆ ಕಂಠ ಕಡೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಮುಟ್ಟಬೇಕು. ಮುಟ್ಟಿದರೆ 'ವನ್ಸ್ ಮೋರ್' ಎಂಬ ಕೂಗು ಏಳುತ್ತದೆ, ಕಥೆ ನಿಲ್ಲುತ್ತದೆ, ಈಗತಾನೆ ಸತ್ತ ಪಾತ್ರ ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತದೆ. ಇದನ್ನು ನೋಡಿ ನಕ್ಕ ವಿಮರ್ಶಕರುಂಟು. ಆದರೆ ನಗುವ ಮೊದಲು ಒಂದನ್ನು ಒಪ್ಪಬೇಕು: ಆ ಹಾಡು ಹುಟ್ಟಿದ್ದೇ ಸಭೆಗಾಗಿ. ಎದುರಿನ ಜನರೇ ಅದರ ಅರ್ಧ ವಾದ್ಯ.

ಬೆಳ್ಳಾವೆ ನರಹರಿಶಾಸ್ತ್ರಿಗಳ 'ಸದಾರಮೆ'ಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಳ್ಳನ ಪಾತ್ರದಿಂದ ಗುಬ್ಬಿ ವೀರಣ್ಣನವರು ನಾಡೆಲ್ಲ ಮನೆಮಾತಾದರು. ಕಂಪನಿಯ ಹಾಸ್ಯನಟನೆಂದರೆ ಬಾಯಿಪಾಠ ಒಪ್ಪಿಸುವವನಲ್ಲ. ಡೇರೆ ಹಾಕಿದ ಊರಿನ ಸುದ್ದಿಯನ್ನು ಮಾತಿನಲ್ಲಿ ಬೆರೆಸಿ, ನಗೆ ಎಷ್ಟು ಹೊತ್ತು ಉಳಿಯುತ್ತದೆಂದು ಕಿವಿಗೊಟ್ಟು, ಮುಂದಿನ ಮಾತನ್ನು ಅಷ್ಟು ಹೊತ್ತು ತಡೆಹಿಡಿಯಬಲ್ಲವನು. 'ಸದಾರಮೆ' 1935ರಲ್ಲಿ ಚಿತ್ರವಾಯಿತು. 1956ರಲ್ಲಿ ಮತ್ತೊಮ್ಮೆ ಆಯಿತು. ಕಥೆ ತೆರೆಗೆ ಬರುವುದು ಕಷ್ಟವಲ್ಲ. ಆದರೆ ನಗೆಗಾಗಿ ಕಾಯುವ ಆ ಕಿವಿಯನ್ನು ಕ್ಯಾಮೆರಾದ ಮುಂದೆ ಎಲ್ಲಿ ಇಡುವುದು? ಅಲ್ಲಿ ನಗುವವರಿಲ್ಲ. ಇರುವವರು ದೀಪ ಹಿಡಿಯುವವರು, ಧ್ವನಿ ಮುದ್ರಿಸುವವರು. ಅವರು ನಗಲೂ ಕೂಡದು.

ಸಭೆ ಇಲ್ಲದ ಹಾಡು

ಭಾರತದ ಮೊದಲ ವಾಕ್ಚಿತ್ರಗಳು ಈ ತೊಡಕನ್ನು ಲೆಕ್ಕಿಸದೆಯೇ ಮುನ್ನುಗ್ಗಿದವು. ಕಲ್ಕತ್ತೆಯ ಮದನ್ ಥಿಯೇಟರ್ಸ್‌ನವರು 1932ರಲ್ಲಿ ಹೊರತಂದ 'ಇಂದ್ರಸಭಾ' ಚಿತ್ರದಲ್ಲಿ ಎಪ್ಪತ್ತರಷ್ಟು ಹಾಡುಗಳಿದ್ದವು. ಅದು ಉರ್ದುವಿನ ಹಳೆಯ ಸಂಗೀತ ನಾಟಕವೊಂದರ ಚಿತ್ರರೂಪ. ನಮ್ಮ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದನ್ನು ಚಿತ್ರೀಕರಿಸಿದ್ದು ಕೊಲ್ಲಾಪುರದಲ್ಲಿ, ನಿರ್ದೇಶಿಸಿದವರು ವೈ.ವಿ. ರಾವ್; ಸಾಹಿತ್ಯ ಮೇಲೆ ಹೇಳಿದ ನರಹರಿಶಾಸ್ತ್ರಿಗಳದು. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ ಅಭಿನಯಿಸಿದರು. ಹಿನ್ನೆಲೆ ಗಾಯನವಿನ್ನೂ ರೂಢಿಗೆ ಬಂದಿರಲಿಲ್ಲ. ಅದು ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರ ಮೂಲಕ ಭಾರತದ ಚಿತ್ರಗಳಿಗೆ ಬಂದದ್ದು 1935ರಲ್ಲಿ. ಹೀಗಾಗಿ ನಟರು ನಟಿಸುತ್ತಲೇ ಹಾಡಬೇಕಾಗಿತ್ತು. ವಾದ್ಯದವರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕೂರಬೇಕಾಗಿತ್ತು. ರಂಗದ ಗಾಯಕನಿಗೆ ಇದು ಅಭ್ಯಾಸದ ಕೆಲಸವೇ. ಅಭ್ಯಾಸವಿಲ್ಲದ್ದು ಎದುರಿನ ಶೂನ್ಯ ಒಂದೇ.

ಹಳೆಯ ಚಿತ್ರವೊಂದರ ತುಣುಕನ್ನು ತರಗತಿಯಲ್ಲಿ ತೋರಿಸಿದಾಗ ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ನನಗೆ ಈ ವಿಷಯದ ಕೀಲಿಕೈಯನ್ನೇ ಕೊಟ್ಟಿತು. "ಸರ್, ಇವರು ಯಾರಿಗೆ ಹಾಡ್ತಾ ಇದಾರೆ?" ಎಂದಳು. ಉಳಿದವರು ನಕ್ಕರು. ಪ್ರಶ್ನೆ ನಗುವಂಥದಲ್ಲ. ರಂಗದ ಮೇಲೆ ಈ ಪ್ರಶ್ನೆ ಏಳುವುದೇ ಇಲ್ಲ. ಹಾಡು ನಮಗೆ, ಅಷ್ಟೆ. ತೆರೆಯ ಮೇಲೆ ನಾವಿಲ್ಲ. ಅಲ್ಲಿ ಮರ, ಮನೆ, ಇನ್ನೊಂದು ಪಾತ್ರ, ಇವುಗಳಿವೆ. ಹಾಡು ಅವುಗಳಲ್ಲಿ ಒಂದಕ್ಕೆ ಸಲ್ಲಬೇಕು. ಇಲ್ಲವಾದರೆ ಹಾಡುವವನು ತನ್ನಷ್ಟಕ್ಕೆ ಒದರುವವನಂತೆ ಕಾಣುತ್ತಾನೆ. ನಾಟಕವನ್ನು ಚಿತ್ರವಾಗಿಸಿ ಗೆದ್ದವರೆಲ್ಲ ತಿಳಿದೋ ತಿಳಿಯದೆಯೋ ಹಾಡಿಗೆ ಹೊಸ ಕೇಳುಗನನ್ನು ಹುಡುಕಿಕೊಟ್ಟವರು.

ಗುಬ್ಬಿ ಕಂಪನಿಯವರ ರಂಗದಲ್ಲಿ ಹೆಸರುಮಾಡಿದ್ದ 'ಬೇಡರ ಕಣ್ಣಪ್ಪ' 1954ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ತೆರೆಗೆ ಬಂದಿತು. ಮುತ್ತುರಾಜರು ರಾಜ್‌ಕುಮಾರರಾದದ್ದು ಅದರಲ್ಲಿ. ಹಸಿವಿನಿಂದ ಕಂಗೆಟ್ಟ ಬೇಡ ಕಾಡಿನಲ್ಲಿ ಶಿವನನ್ನು ಕರೆದು ಹಾಡುವ ಹಾಡು ಇಂದಿಗೂ ಕನ್ನಡಿಗರ ನಾಲಗೆಯ ಮೇಲಿದೆ; ಅದನ್ನು ಹಾಡಿದವರು ಸಿ.ಎಸ್. ಜಯರಾಮನ್. ಆ ಹಾಡು ತೆರೆಯ ಮೇಲೆ ಏಕೆ ಸಹಜವಾಗಿದೆ? ಅದಕ್ಕೆ ಕೇಳುಗನಿದ್ದಾನೆ. ಕಾಣದ ಶಿವನೇ ಆ ಕೇಳುಗ. ಸುಬ್ಬಯ್ಯನಾಯ್ಡು, ನಾಗೇಂದ್ರರಾಯರ ಮಂಡಲಿ ಆಡುತ್ತಿದ್ದ 'ಭೂಕೈಲಾಸ'ದ ಮಾತೂ ಅದೇ. ಅದರ ಖ್ಯಾತಿ ಎಷ್ಟೆಂದರೆ 1940ರಲ್ಲಿ ಈ ಕನ್ನಡ ನಾಟಕ ಅವರಿಬ್ಬರ ಅಭಿನಯದಲ್ಲಿಯೇ ತೆಲುಗು ಚಿತ್ರವಾಯಿತು. 1958ರಲ್ಲಿ ರಾಜ್‌ಕುಮಾರರು ರಾವಣನಾಗಿ, ಕಲ್ಯಾಣ್‌ಕುಮಾರರು ನಾರದನಾಗಿ ಕನ್ನಡದ ತೆರೆಗೆ ಬಂದರು. ಆತ್ಮಲಿಂಗವನ್ನು ಬೇಡುವ ರಾವಣನ ಎದುರಿಗೂ ಶಿವನಿದ್ದಾನೆ. ನಮ್ಮ ಆರಂಭದ ಚಿತ್ರಗಳಲ್ಲಿ ಭಕ್ತಿಕಥೆಗಳೇ ಏಕೆ ತುಂಬಿದ್ದವೆಂಬುದಕ್ಕೆ ಜನರ ಭಕ್ತಿಯನ್ನಷ್ಟೇ ಕಾರಣವಾಗಿ ಹೇಳುತ್ತಾರೆ. ಕಲೆಯ ಕಾರಣವೊಂದೂ ಇದೆಯೆಂದು ನನಗೆ ತೋರುತ್ತದೆ: ಸಭೆ ಎದ್ದುಹೋದ ಜಾಗದಲ್ಲಿ ದೇವರು ಬಂದು ಕುಳಿತ. ಹಾಡು ಬದುಕಿತು.

'ಭೂಕೈಲಾಸ'ದಲ್ಲಿ ಇನ್ನೊಂದು ಜಾಣ್ಮೆಯನ್ನೂ ಕಾಣಬಹುದು. ರಾಮಾವತಾರದ ಕಥೆಯನ್ನೆಲ್ಲ ಒಂದೇ ಹಾಡಿನಲ್ಲಿ ಅಡಗಿಸಿ, ಶೀರ್ಕಾಳಿ ಗೋವಿಂದರಾಜನ್ನರ ಕಂಠದಲ್ಲಿ ಕೇಳಿಸಿ, ಜೊತೆಜೊತೆಗೆ ಕಣ್ಣಿಗೂ ಕಟ್ಟಿದ್ದಾರೆ. ರಂಗದ ಮೇಲೆ ಇದು ಒಂದಿಡೀ ರಾತ್ರಿಯ ಕೆಲಸ. ಇಲ್ಲಿ ಚಿತ್ರ ನಾಟಕವನ್ನು ಅನುಕರಿಸಲಿಲ್ಲ. ತನ್ನಿಂದ ಮಾತ್ರ ಆಗುವುದನ್ನು ಮಾಡಿತು.

ಕಂಠ ಯಾರದು?

ರಾಜ್‌ಕುಮಾರರ ಕಥೆಯಲ್ಲಿ ಇನ್ನೊಂದು ಪಾಠವಿದೆ. ಅವರು ಹಾಡುತ್ತ ಬೆಳೆದ ರಂಗನಟ; ತಂದೆ ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯ ನಟರು. ರಂಗದ ಮೇಲೆ ಹಾಡಲಾರದವನಿಗೆ ನಾಯಕನ ಪಾತ್ರ ಕನಸಿನ ಮಾತು. ತೆರೆಗೆ ಬಂದೊಡನೆ ಅವರಿಂದ ದೂರವಾದದ್ದು ಆ ಕಂಠವೇ. ಬೆರಳೆಣಿಕೆಯ ಹಾಡುಗಳನ್ನು ಬಿಟ್ಟರೆ ಸುಮಾರು ಇಪ್ಪತ್ತು ವರ್ಷ ಅವರ ತುಟಿಗೆ ಅನ್ಯರು, ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸರು, ದನಿಯಾದರು. ಶ್ರೀನಿವಾಸರ ಮಾಧುರ್ಯದ ಬಗ್ಗೆ ಎರಡು ಮಾತಿಲ್ಲ. ಆದರೂ ಮಾತಿನ ಕಂಠ ಒಂದು, ಹಾಡಿನ ಕಂಠ ಇನ್ನೊಂದು ಎಂಬ ಏರ್ಪಾಟು ರಂಗಭೂಮಿಗೆ ತೀರ ಅಪರಿಚಿತ. ಅಲ್ಲಿ ಮಾತು ಕಾವೇರಿಯೇ ಹಾಡಾಗುತ್ತದೆ.

ಆ ಕಂಠ 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರದಿಂದ ಮರಳಿ ಬಂದು ನೆಲೆಯಾಗಿ ನಿಂತಿತು. ಆ ಚಿತ್ರಕ್ಕೆ ಮೂಲ ಪಿ.ಬಿ. ಧುತ್ತರಗಿಯವರು ಉತ್ತರ ಕರ್ನಾಟಕದ ಕಂಪನಿಗಳಿಗಾಗಿ ಬರೆದ ನಾಟಕ ಎಂಬುದು ನೆನಪಿಡತಕ್ಕದ್ದು. ನಾಯಕ ಎಮ್ಮೆಯ ಬೆನ್ನೇರಿ, ಎಮ್ಮೆಯನ್ನೇ ಹೊಗಳಿ ಹಾಡುತ್ತಾನೆ. ಕಣ್ಣಪ್ಪನಿಗೆ ಶಿವ ಕೇಳುಗನಾದರೆ ಈ ರೈತನಿಗೆ ಎಮ್ಮೆ ಕೇಳುಗ! ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಪಾಶ್ಚಾತ್ಯರಿಗೂ ಈ ಗೋಜು ತಪ್ಪಿಲ್ಲ. 'ಮೈ ಫೇರ್ ಲೇಡಿ' 1964ರಲ್ಲಿ ಚಿತ್ರವಾದಾಗ ನಾಯಕಿ ಆಡ್ರೆ ಹೆಪ್‌ಬರ್ನ್‌ಗೆ ಬಹುಪಾಲು ಹಾಡುಗಳಲ್ಲಿ ಕಂಠವಾದವರು ಮಾರ್ನಿ ನಿಕ್ಸನ್. 'ಲೇ ಮಿಸರಾಬ್ಲ್' ಸಂಗೀತ ನಾಟಕವನ್ನು 2012ರಲ್ಲಿ ತೆರೆಗೆ ತಂದವರು ನಟರಿಂದ ಚಿತ್ರೀಕರಣದ ಹೊತ್ತಿನಲ್ಲಿಯೇ ಹಾಡಿಸಿದರು. ಅದನ್ನು ಒಂದು ಸಾಹಸವೆಂದು ಜಗತ್ತು ಕೊಂಡಾಡಿತು. 1934ರಲ್ಲಿ ಕೊಲ್ಲಾಪುರದಲ್ಲಿ ನಮ್ಮವರು ಮಾಡಿದ್ದೂ ಅದನ್ನೇ.

ಹಾಡಿನ ಬೆನ್ನಿಗೇ ದೃಶ್ಯದ ತೊಡಕೂ ಬರುತ್ತದೆ. ಗುಬ್ಬಿ ಕಂಪನಿಯವರು 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದು ಜನರನ್ನು ಬೆರಗುಗೊಳಿಸಿದರು. ಆನೆ ರಂಗದ ಮೇಲೆ ಬಂದುದರಿಂದ ಅದು ಬೆರಗು. ಚಿತ್ರದಲ್ಲಿ ಆನೆ ಬಂದರೆ ಅದು ಬರಿಯ ಆನೆ. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಪಾಳುಗುಡಿಗೆ ಊರಿನ ಮನೆಮನೆಯ ದೀಪಗಳು ಹೆಂಗಸರಾಗಿ ಬಂದು ಹರಟುತ್ತವೆ. ರಂಗದ ಮೇಲೆ ದೀಪ ಹಿಡಿದ ಹೆಂಗಸನ್ನು ದೀಪವೆಂದೇ ನಂಬುವ ಪ್ರೇಕ್ಷಕ, ಕ್ಯಾಮೆರಾ ತೋರಿಸಿದಾಗ ದೀಪ ಹಿಡಿದ ಹೆಂಗಸನ್ನೇ ಕಾಣುತ್ತಾನೆ. ಟಿ.ಎಸ್. ನಾಗಾಭರಣರು 1997ರಲ್ಲಿ ಅದನ್ನು ಚಿತ್ರವಾಗಿಸುವಾಗ ಸಿ. ಅಶ್ವಥ್ ಅವರ ಸಂಗೀತ, ಗೋಪಾಲ ವಾಜಪೇಯಿಯವರ ಜಾನಪದ ಧಾಟಿಯ ಹಾಡುಗಳನ್ನು ಆಶ್ರಯಿಸಿದರು. ಕಣ್ಣು ನಂಬದ್ದನ್ನು ಕಿವಿ ನಂಬಿಸಬಲ್ಲುದು.

ಈ ಗುಟ್ಟನ್ನು ಚೆನ್ನಾಗಿ ಬಲ್ಲವರು ಬಿ.ವಿ. ಕಾರಂತರು. ಹುಡುಗನಾಗಿ ಗುಬ್ಬಿ ಕಂಪನಿಯಲ್ಲಿ ಬೆಳೆದ ಅವರು ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ 'ಋಷ್ಯಶೃಂಗ' ಚಿತ್ರದ ಸಂಗೀತಕ್ಕೆ 1976ನೆಯ ಸಾಲಿನ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಕಂಬಾರರು ತಾವೇ ನಿರ್ದೇಶಿಸಿದ 'ಕಾಡುಕುದುರೆ'ಯ ಹಾಡಿಗೆ ಅದೇ ಗೌರವ ಪಡೆದ ಶಿವಮೊಗ್ಗ ಸುಬ್ಬಣ್ಣನವರು ನಮ್ಮ ನೆರೆಯ ಹೊಸನಗರ ತಾಲ್ಲೂಕಿನ ನಗರದವರು. ಕಂಪನಿಯ ಪರಂಪರೆ ಅಳಿದುಹೋಯಿತೆಂದು ಮರುಗುವವರು ಇಂಥ ಒಳದಾರಿಗಳನ್ನೂ ಗಮನಿಸಬೇಕು.

ಹಿನ್ನೀರಿನ ಆಚೆಯಿಂದ

ಇಷ್ಟು ಹೇಳಿದ ಮೇಲೆ ನಮ್ಮ ಊರಿನ ಮಾತೊಂದನ್ನು ಹೇಳದಿದ್ದರೆ ಈ ಬರೆಹ ಅಪೂರ್ಣ. ತುಮರಿ ಶರಾವತಿಯ ಹಿನ್ನೀರಿನ ಆಚೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನಾವು ದ್ವೀಪದವರಂತೆ ಬದುಕಿದೆವು. ಲಾಂಚಿಗೆ ಕಾಯುವುದು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ನಮ್ಮ ದಿನಚರಿಯಾಗಿತ್ತು. ನನ್ನ ಬಾಲ್ಯದಲ್ಲಿ ಸಿನಿಮಾ ನೋಡಬೇಕಾದರೆ ಹೊಳೆ ದಾಟಬೇಕು. ನಾಟಕವಾದರೆ ಊರಿನಲ್ಲಿಯೇ ಉಂಟು. ಸಾಗರದ ಮಾರಿಕಾಂಬೆಯ ಜಾತ್ರೆಗೆ ಬರುತ್ತಿದ್ದ ಕಂಪನಿಗಳ ಹಾಡನ್ನು ಹಿರಿಯರು ಕಿವಿಯಲ್ಲಿ ತುಂಬಿಕೊಂಡು ಬಂದು, ಅದೇ ಮಟ್ಟಿನಲ್ಲಿ ಇಲ್ಲಿ ಹಾಡುತ್ತಿದ್ದರು.

ಅಂಥ ಹಿರಿಯರೊಬ್ಬರ ಹಾಡುಗಳನ್ನು ಉಳಿಸಿಕೊಳ್ಳಬೇಕೆಂದು ಈಚೆಗೆ ಅವರ ಮನೆಗೆ ಹೋಗಿದ್ದೆ. ಮೊಬೈಲನ್ನು ಎದುರಿಗಿಟ್ಟೆ. "ಇದರ ಮುಖ ನೋಡಿ ಹಾಡೋದಾ ಮಾರಾಯಾ?" ಎಂದರು. ಹಾಡಿದರು, ಶ್ರುತಿ ಸರಿಯಾಗಿತ್ತು, ಸಾಹಿತ್ಯ ತಪ್ಪಲಿಲ್ಲ, ಆದರೆ ಹಾಡು ಏಳಲಿಲ್ಲ. ಅಷ್ಟರಲ್ಲಿ ನೆರೆಮನೆಯವರು ನಾಲ್ಕು ಜನ ಬಂದು ಜಗಲಿಯಲ್ಲಿ ಕುಳಿತರು. ಮುದುಕರು ಬೆನ್ನು ನೆಟ್ಟಗೆ ಮಾಡಿ, ಅವರ ಕಡೆ ತಿರುಗಿ, ಮೊದಲಿನಿಂದ ಎತ್ತಿಕೊಂಡರು. ಎಂಬತ್ತು ದಾಟಿದ ಆ ಕಂಠ ಅಡಕೆ ತೋಟದ ಅಂಚಿನವರೆಗೂ ಹೋಯಿತು. ನನ್ನ ಬಳಿ ಈಗ ಎರಡು ಮುದ್ರಿಕೆಗಳಿವೆ. ಹಾಡು ಒಂದೇ, ಆದರೆ ಎರಡನೆಯದು ಮಾತ್ರ ರಂಗಗೀತೆ.

ಇದರಿಂದ ಎರಡು ಕರ್ತವ್ಯಗಳು ಹೊಳೆಯುತ್ತವೆ. ನಾಟಕವನ್ನು ಚಿತ್ರವಾಗಿಸುವವರು ಮೂಲಕ್ಕೆ ನಿಷ್ಠರಾಗಿರಬೇಕೆಂದು ನಾವು ಬೇಡಬಾರದು. ಹಾಡುಗಳನ್ನು ಅವರು ಕತ್ತರಿಸಲಿ, ಮಟ್ಟನ್ನು ಬದಲಿಸಲಿ. ಉಳಿಸಿಕೊಂಡ ಪ್ರತಿಯೊಂದು ಹಾಡಿಗೂ ಒಬ್ಬ ಕೇಳುಗನನ್ನು ಕೊಡಲಿ, ಅಷ್ಟು ಸಾಕು. ಎರಡನೆಯದು ನಮ್ಮ ಪಾಲಿನ ಕೆಲಸ. ಚಿತ್ರ ಹೊರಲಾರದೆ ಬಿಟ್ಟುಹೋದ ಆಸ್ತಿಯನ್ನು ಚಿತ್ರವೇ ಕಾಯಲೆಂದು ನಿರೀಕ್ಷಿಸಲಾಗದು. ಕೆ.ವಿ. ಸುಬ್ಬಣ್ಣನವರು ಕಟ್ಟಿ ಬೆಳೆಸಿದ ಹೆಗ್ಗೋಡಿನ ನೀನಾಸಮ್ 1949ರಲ್ಲಿ ನಾಟಕದಿಂದ ಮೊದಲಾಗಿ, 1973ರಲ್ಲಿ ಚಿತ್ರಸಮಾಜವನ್ನೂ ಕಟ್ಟಿ, ಎರಡು ಕಲೆಗಳನ್ನೂ ಒಂದೇ ಅಂಗಳದಲ್ಲಿ ಸಾಕಬಹುದೆಂದು ನಮ್ಮ ಸೀಮೆಗೆ ತೋರಿಸಿಕೊಟ್ಟಿದೆ. ಹಳೆಯ ರಂಗಗೀತೆ ಬಲ್ಲವರು ಊರೂರಿನಲ್ಲಿ ಇನ್ನೂ ಒಬ್ಬಿಬ್ಬರಿದ್ದಾರೆ. ಅವರನ್ನು ಮುದ್ರಿಸಿಕೊಳ್ಳಲು ಹೋಗುವವರು ಯಂತ್ರವನ್ನು ಒಯ್ಯಲಿ. ಜೊತೆಗೆ ನಾಲ್ಕು ಜನರನ್ನೂ ಕರೆದೊಯ್ಯಲಿ.