ದ್ರಾಕ್ಷಿ ತೋಟದ ನಡುವಿನ ಕಾಲುದಾರಿ

ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿ, ವೋಸ್ಜ್ ಬೆಟ್ಟಗಳ ಬುಡದಲ್ಲಿ ಅಲ್ಸಾಸ್ ಎಂಬ ಸೀಮೆಯಿದೆ. ದ್ರಾಕ್ಷಿ ಬೆಳೆದು ವೈನ್ ತಯಾರಿಸುವುದು ಅಲ್ಲಿಯವರ ಹಳೆಯ ಕಸುಬು. ರಜೆಯಲ್ಲಿ ಈ ತೋಟಗಳ ನಡುವೆ ನಡೆಯಲು ಬರುವವರಿಗೆ ಮಾರ್ಗದರ್ಶಿ ಬೇಕಿಲ್ಲ, ನಕ್ಷೆಯೊಂದಿದ್ದರೆ ಸಾಕು. 1872ರಲ್ಲಿ ಹುಟ್ಟಿದ ವೋಸ್ಜ್ ನಡಿಗೆದಾರರ ಸಂಘದ ಸ್ವಯಂಸೇವಕರು ಹಾದಿಗಳಿಗೆ ಬಣ್ಣದ ಗುರುತು ಹಾಕಿದ್ದಾರೆ. ಪೆಟ್ಟಿಗೆಯನ್ನು ಮುಂದಿನ ಊರಿನ ವಸತಿಗೃಹಕ್ಕೆ ಸಾಗಿಸುವ ಏರ್ಪಾಡೂ ಉಂಟು.

ರಿಬೋವಿಲೆಯಿಂದ ಹುನಾವೀರ್ ಮೂಲಕ ರಿಕ್‌ವೀರ್‌ಗೆ ಸುಮಾರು 5 ಕಿಲೋಮೀಟರು. ಇಷ್ಟರಲ್ಲೇ ರೊಸಾಕರ್, ಶೋನೆನ್‌ಬುರ್ಗ್ ಎಂಬ ಹೆಸರಾಂತ ತಾಕುಗಳು ಸಿಗುತ್ತವೆ. ನಾವು ಬೆಳೆಗಾರರು ಗಮನಿಸಬೇಕಾದದ್ದು ಇಲ್ಲಿದೆ: ತಾಕಿನ ಹೆಸರೇ ಸೀಸೆಯ ಚೀಟಿಯ ಮೇಲೂ ಇರುತ್ತದೆ. ಬೆಳಗ್ಗೆ ಆ ತೋಟದ ಬದಿಯಲ್ಲಿ ನಡೆದವನು ಸಂಜೆ ಬೆಳೆಗಾರನ ನೆಲಮಾಳಿಗೆಯಲ್ಲಿ ರುಚಿ ನೋಡಿ, ಅವನ ಕೈಯಿಂದಲೇ ಕೊಳ್ಳಬಹುದು. ನಡುವೆ ದಲ್ಲಾಳಿಯಿಲ್ಲ.

ಸ್ವಂತ ನೆಲಮಾಳಿಗೆ ಇಲ್ಲದ ಸಣ್ಣ ಹಿಡುವಳಿದಾರನ ಗತಿಯೇನು? ರಿಬೋವಿಲೆಯ ಬೆಳೆಗಾರರು 1895ರಲ್ಲೇ ಒಟ್ಟುಗೂಡಿ ಸಹಕಾರ ಸಂಘ ಕಟ್ಟಿದರು. ಫ್ರಾನ್ಸಿನ ವೈನ್ ಸಹಕಾರ ಸಂಘಗಳಲ್ಲಿ ಅದೇ ಹಿರಿಯದು.

ಹಾದಿ ಬಿಟ್ಟುಕೊಟ್ಟ ಮಾತ್ರಕ್ಕೆ ತೋಟಕ್ಕೆ ಬೇಲಿ ತಪ್ಪಿದಂತಲ್ಲ. ಹಣ್ಣು ಕೀಳುವಂತಿಲ್ಲ, ಕೊಯ್ಲಿನ ಕಾಲದಲ್ಲಿ ಹಾದಿ ಮುಚ್ಚುವುದುಂಟು. ಮೊದಲು ಬೆಳೆ, ಆಮೇಲೆ ಅತಿಥಿ.

2019ರಲ್ಲಿ ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಶಿರಸಿ ಅಡಿಕೆಗೂ ಭೌಗೋಳಿಕ ಗುರುತು ದೊರೆಯಿತು. ಆ ಹೆಸರು ಚೀಲ ಕಟ್ಟಿ ಲಾರಿಗೇರಿಸುವಾಗಲೇ ಅಳಿಸಿಹೋದರೆ ನಮಗೆ ದಕ್ಕುವುದೇನು? ಕೊಳ್ಳುವವನು ತೋಟ ನೋಡಿ ಹೋಗಲು ಒಂದು ಕಾಲುದಾರಿ, ಅದರ ಕೊನೆಗೆ ಸಂಘದ ಒಂದು ಮಳಿಗೆ. ಇಷ್ಟರಿಂದಲೇ ನಾವೂ ಆರಂಭಿಸಬಹುದು. ಸದಸ್ಯ ಬಂಧುಗಳು ಯೋಚಿಸಬೇಕು.