ತೋಟಕ್ಕೆ ಹೊಳೆ ನೀರು ನುಗ್ಗಿದೆಯಾ? ಗಿಡ ಕೀಳೋ ಮುಂಚೆ ಇದನ್ನು ಓದ್ರಿ

ಗೋಕಾಕ: ಹಿಡಕಲ್ ಡ್ಯಾಂನಿಂದ ನೀರು ಬಿಟ್ರು ಅಂದ್ರೆ ಘಟಪ್ರಭಾ ದಂಡೆಯ ರೈತರಿಗೆ ನಿದ್ದೆ ಇಲ್ಲ. 2019ರ ಆಗಸ್ಟ್, 2021ರ ಜುಲೈ, 2024ರ ಜುಲೈನಲ್ಲಿ ನಾವು ನೋಡಿದ್ದೇ ಇದು. ಕಬ್ಬು ನಾಲ್ಕು ದಿನ ನೀರಲ್ಲಿ ನಿಂತರೂ ತಡೀತದೆ. ಕಾಯಿಪಲ್ಲೆ ತಡೆಯಲ್ಲ. ಹಾಗಂತ ನೀರು ಇಳಿದ ಕೂಡಲೇ ಎಲ್ಲಾ ಕಿತ್ತು ಹಾಕಿದರೆ ಎರಡು ನಷ್ಟ: ಬದುಕೋ ಗಿಡವೂ ಹೋಗುತ್ತೆ, ಪರಿಹಾರವೂ ಹೋಗುತ್ತೆ.

ಮೊದಲು ಫೋಟೊ

2024ರಲ್ಲಿ ನಮ್ಮ ಮನೆಯಲ್ಲೇ ಆದ ತಪ್ಪು ಇದು. ನೀರು ಇಳಿದ ಮರುದಿನವೇ ಅಪ್ಪ ಬಾಡಿದ ಮೆಣಸಿನ ಗಿಡ ಕಿತ್ತು ಬದುವಿಗೆ ಎಸೆದುಬಿಟ್ರು. ಸಮೀಕ್ಷೆಗೆ ಬಂದವರಿಗೆ ತೋರಿಸೋಕೆ ಬರೀ ಕೆಸರು ಇತ್ತು.

ಅದಕ್ಕೇ ದಿನಾಂಕ, ಜಾಗ ಬೀಳುವಂತೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತಲಾಟಿಯವರಿಗೆ, ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಡಿ. ಬೆಳೆ ವಿಮೆ ಕಟ್ಟಿದವರು 72 ಗಂಟೆಯೊಳಗೆ 14447ಕ್ಕೆ ಫೋನ್ ಮಾಡಬೇಕು. ಬೆಳೆ ಸಮೀಕ್ಷೆಯಲ್ಲಿ ಕಬ್ಬು ಅಂತ ದಾಖಲಾಗಿ ಹೊಲದಲ್ಲಿ ಟೊಮೆಟೊ ಇದ್ದರೆ ತೊಂದರೆ, ಈಗಲೇ ನೋಡಿಕೊಳ್ಳಿ.

ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದರೆ ಮಾತ್ರ ಪರಿಹಾರ. ಕೇಂದ್ರದ 2022-26ರ ಮಾರ್ಗಸೂಚಿಯಂತೆ ನೀರಾವರಿ ಜಮೀನಿಗೆ ಹೆಕ್ಟೇರ್‌ಗೆ 17,000 ರೂ., ಅಂದ್ರೆ ಎಕರೆಗೆ ಸುಮಾರು 6,900 ರೂ. ಗರಿಷ್ಠ 2 ಹೆಕ್ಟೇರ್. ರಾಜ್ಯ ಸರ್ಕಾರ ಕೆಲವು ವರ್ಷ ಇದರ ಮೇಲೆ ಸೇರಿಸಿ ಕೊಟ್ಟಿದ್ದೂ ಉಂಟು. ಖರ್ಚಿಗೆ ಸಾಲಲ್ಲ, ಆದರೆ ಬಿಡುವಂಥದ್ದೂ ಅಲ್ಲ.

ಆಮೇಲೆ ನೀರು ಹೊರಗೆ

ನೀರಲ್ಲೇ ನಿಂತ ಗಿಡ ಯಾಕೆ ಬಾಡುತ್ತೆ? ಮಣ್ಣಿನ ಸಂದಿನ ಗಾಳಿಯೆಲ್ಲಾ ಹೋಗಿ ಬೇರಿಗೆ ಉಸಿರುಗಟ್ಟುತ್ತೆ. ಟೊಮೆಟೊ, ಮೆಣಸಿನಕಾಯಿ ಒಂದೆರಡು ದಿನದಲ್ಲೇ ಕೈಬಿಡುತ್ತವೆ. ಬದನೆ ಸ್ವಲ್ಪ ಗಟ್ಟಿ. ಬದನೆ ಬೇರಿನ ಮೇಲೆ ಟೊಮೆಟೊ ಕಸಿ ಮಾಡೋದಕ್ಕೆ ಇದೂ ಒಂದು ಕಾರಣ.

ಬದುವಿನ ಕಡೆಯಿಂದ ಕಾಲುವೆ ತೆಗೆದು ನೀರು ಹೊರಗೆ ಬಿಡಿ. ಎರೆಮಣ್ಣು ಹಸಿ ಇರುವಾಗ ಸಾಲಿನೊಳಗೆ ತುಳಿದಾಡಬೇಡಿ, ನೆಲ ಗಟ್ಟಿಯಾಗುತ್ತೆ. ಎಲೆ ಮೇಲಿನ ರಾಡಿಯನ್ನು ಪಂಪಿನಿಂದ ಚೊಕ್ಕ ನೀರು ಹೊಡೆದು ತೊಳೆಯಿರಿ. ಮಣ್ಣು ಆರಿದ ಮೇಲೆ ಹಗುರವಾಗಿ ಕೆದರಿ, ಬುಡಕ್ಕೆ ಮಣ್ಣು ಏರಿಸಿ. ಗಾಳಿಗೆ ಬಿದ್ದ ಗಿಡಕ್ಕೆ ಕೋಲು ಕಟ್ಟಿ, ಮುರಿದ ಟೊಂಗೆ ಕತ್ತರಿಸಿ.

ಬುಡ ಕೊಳೆಯದಂತೆ ಕಾಪರ್ ಆಕ್ಸಿಕ್ಲೋರೈಡ್ ಲೀಟರ್‌ಗೆ 3 ಗ್ರಾಂ ಕಲಸಿ ಬುಡಕ್ಕೆ ಹಾಕಬಹುದು. ಬೇರಿಗೆ ಜೀವ ಇಲ್ಲದಾಗ ಚೀಲಗಟ್ಟಲೆ ಯೂರಿಯಾ ಸುರಿಯೋದು ದಂಡ. ಹೊಸ ಚಿಗುರು ಕಂಡ ಮೇಲೆ 19:19:19 ಲೀಟರ್‌ಗೆ 5 ಗ್ರಾಂನಂತೆ ಎಲೆಗೆ ಸಿಂಪಡಿಸಿ. ವಾರ ಕಳೆದರೂ ಚಿಗುರದಿದ್ದರೆ ಆಗ ಕೀಳಿ.

ಮಾರೋದು ಯಾವುದು, ಬಿಡೋದು ಯಾವುದು?

ಇದು ರೈತರಿಗೂ, ಕಾಯಿಪಲ್ಲೆ ಅಂಗಡಿಯವರಿಗೂ. ಮಳೆ ನೀರು ನಿಂತಿದ್ದು ಬೇರೆ, ಹೊಳೆ ನೀರು ಹೊಕ್ಕಿದ್ದು ಬೇರೆ. ಹೊಳೆ ನೀರಲ್ಲಿ ಗಟಾರ, ಶೌಚಾಲಯ, ಸತ್ತ ಜಾನುವಾರು, ಹೊಲದ ಔಷಧ ಎಲ್ಲಾ ಸೇರಿರುತ್ತೆ. ಅದರಲ್ಲಿ ಮುಳುಗಿದ ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ, ಸೌತೆಕಾಯಿ ತೊಳೆದರೂ ಚೊಕ್ಕ ಆಗಲ್ಲ. ನೀರು ಮುಟ್ಟದೆ ಚಪ್ಪರದ ಮೇಲೆ ಉಳಿದ ಹೀರೇಕಾಯಿ, ಹಾಗಲಕಾಯಿಯನ್ನು ತೊಳೆದು ಬೇಯಿಸಿ ತಿನ್ನಬಹುದು.

ನೆರೆ ಬಂದಾಗ ಕೊತ್ತಂಬರಿ ರೇಟು ಏರೇ ಏರುತ್ತೆ, ಮುಳುಗಿದ ಕಟ್ಟನ್ನೂ ತೊಳೆದು ಸಂತೆಗೆ ತರೋ ಆಸೆ ಆಗುತ್ತೆ. ಅದನ್ನು ತಿನ್ನೋರು ನಮ್ಮ ಊರಿನ ಮಕ್ಕಳೇ. ಆ ಕಟ್ಟು ಗುಂಡಿಗೇ ಹೋಗಲಿ. ಆದರೆ ಅದರದ್ದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.